ಅವರೆಕಾಯಿ ಸುಲಿಸಿ ಕೇಸು ಕೇಳುತ್ತಿದ್ದ ಲಾಯರಮ್ಮ

ರಾಮನಗರದ ಕೋರ್ಟಿನ ಹಿಂದಿನ ಓಣಿಯಲ್ಲಿದ್ದ ಲಾಯರಮ್ಮನ ಆಫೀಸು ಈ ಸಂಕ್ರಾಂತಿ ಕಳೆದ ಮೇಲೆ ಬಾಗಿಲು ಹಾಕಿತು. ಬೋರ್ಡು ಇಳಿಸಿದವನು ನಾನೇ. ಅವರು ಕೆಳಗೆ ಏಣಿ ಹಿಡಿದುಕೊಂಡಿದ್ದರು. ಬೋರ್ಡು ಇದ್ದಷ್ಟು ಜಾಗದಲ್ಲಿ ಮಾತ್ರ ಗೋಡೆಯ ಹಳೇ ಬಣ್ಣ ಹಾಗೇ ಉಳಿದಿತ್ತು. ಅವರು ತಲೆ ಎತ್ತಿ ಅದನ್ನು ನೋಡಿ, "ನೋಡಪ್ಪ, ಇಷ್ಟು ವರ್ಷ ಗೋಡೆಗೆ ಗಾಳಿನೇ ಆಡ್ಲಿಲ್ಲ, ಪಾಪ" ಅಂದರು.

ನಮ್ಮ ರೇಷ್ಮೆ ಬೆಳೆಗಾರರ ಸಂಘದವರು ಒಂದು ಸಂಚಿಕೆ ತರುತ್ತಿದ್ದಾರೆ. ಲಾಯರಮ್ಮನ ಬಗ್ಗೆ ನೀನೇ ಬರೆ ಎಂದು ನನ್ನ ತಲೆಗೆ ಕಟ್ಟಿದ್ದರು. ಏಣಿಯ ಮೇಲಿಂದಲೇ ವಿಷಯ ತೆಗೆದೆ.

"ನಿಮ್ಮ ಬಗ್ಗೆ ಒಸಿ ಬರೀಬೇಕು ಅಂತಿವ್ನಿ ಅಮ್ಮ."

"ಏನಂತ ಬರೀತೀಯ?"

"ಒಳ್ಳೇವ್ರು ಅಂತ."

"ಸಾಕ್ಷಿ?"

ನಾನು ನಕ್ಕೆ. ಏಣಿ ಅಲ್ಲಾಡಿತು.

"ನಗಬೇಡ, ಬಿದ್ದೀಯ. ಬೈದದ್ದಕ್ಕೆ ಸಾಕ್ಷಿ ಕೇಳೋಳು ಹೊಗಳಿದ್ದಕ್ಕೂ ಕೇಳಬೇಕಲ್ಲ. ಕಂಡದ್ದು, ಕೇಳಿದ್ದು, ಅಷ್ಟೇ ಬರಿ. ನನ್ನ ಹೆಸರು ಹಾಕಬೇಡ. ಇನ್ನೊಂದು ಷರತ್ತಿದೆ, ಅದನ್ನ ಕೆಳಗಿಳಿ, ಆಮೇಲೆ ಹೇಳ್ತೀನಿ."

ಆ ಷರತ್ತೇನು ಅನ್ನುವುದನ್ನು ಕೊನೆಗೆ ಬರೆಯುತ್ತೇನೆ. ಮೊದಲು ನನಗೂ ಅವರಿಗೂ ಗಂಟು ಬಿದ್ದದ್ದು ಹೇಗೆ ಅಂತ ಹೇಳಬೇಕು.

ನಾನು ಕೈಲಾಂಚ ಹೋಬಳಿಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಕೈ ಬೇಕಾಗಿತ್ತು, ಬಿಟ್ಟೆ. ಆಮೇಲೆ ಮಾಡಿದ್ದೆಲ್ಲ ಈ ಎರಡು ಕೈಯಿಂದ. ನನ್ನದು ಚಾಕಿ ಕೆಲಸ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ರೇಷ್ಮೆ ಹುಳ ಮೊಟ್ಟೆ ಒಡೆದಾಗ ಇರುವೆಗಿಂತ ಸಣ್ಣಗಿರುತ್ತದೆ. ಆ ಎಳೇ ಹುಳವನ್ನು ಬೆಚ್ಚಗೆ, ಹಿಪ್ಪುನೇರಳೆಯ ಎಳೆ ಸೊಪ್ಪು ಹೆಚ್ಚಿ ಹಾಕಿ, ಎರಡು ಸಲ ಪೊರೆ ಬಿಡುವ ತನಕ ಸಾಕಿ, ಆಮೇಲೆ ರೈತರಿಗೆ ಕೊಡುವುದು. ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತೇವೆ. ಎರಡನೇ ಜ್ವರ ಎದ್ದ ಹುಳವನ್ನು ರೈತ ಒಯ್ದು ದೊಡ್ಡದು ಮಾಡಿ ಗೂಡು ಕಟ್ಟಿಸುತ್ತಾನೆ. ಕೂಸನ್ನು ನಾನು ಸಾಕುತ್ತೇನೆ, ಮದುವೆ ಅವನು ಮಾಡುತ್ತಾನೆ, ಅಷ್ಟೇ ಲೆಕ್ಕ. ಇದರಲ್ಲಿ ಬಂಡವಾಳಕ್ಕಿಂತ ದೊಡ್ಡದು ಹೆಸರು. ಇವನ ಚಾಕಿ ಆರೋಗ್ಯವಾಗಿರುತ್ತದೆ ಎಂಬ ಒಂದು ಮಾತಿನ ಮೇಲೆ ಸುತ್ತಲ ಊರುಗಳಿಂದ ಜನ ಬರುತ್ತಿದ್ದರು.

ಆಗಿನ್ನೂ ನಮ್ಮದು ಬೆಂಗಳೂರು ಗ್ರಾಮಾಂತರ ಜಿಲ್ಲೆಯೇ. ಬಿಡದಿ ಕಡೆ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ಅಲ್ಲಿಗೆ ಹತ್ತಿರದ ಒಂದು ಊರಿನ ಬೋರಣ್ಣ ಅನ್ನುವವನು ನನ್ನ ಹಳೇ ಗಿರಾಕಿ. ಒಂದು ಬೆಳೆಗೆ ನನ್ನಿಂದ ಹುಳ ಒಯ್ದ. ಅವು ಗೂಡು ಕಟ್ಟುವ ಮುಂಚೆಯೇ ಸತ್ತವು, ಎಲ್ಲವೂ. ಬೆಳೆ ಕೆಟ್ಟರೆ ನಮ್ಮಲ್ಲಿ ಯಾರಿಗೂ ತೋರಿಸುವುದಿಲ್ಲ. ಅಕ್ಕಪಕ್ಕದವರು ಏಳುವ ಮುಂಚೆ ಬಾಚಿ ತಿಪ್ಪೆಗೆ ಹಾಕಿ ಮುಚ್ಚಿಬಿಡುತ್ತಾರೆ. ಬೋರಣ್ಣನೂ ಹಾಗೇ ಮಾಡಿದ. ಮಾಡಿ, ನೆಟ್ಟಗೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಬಂದು, ಹರಾಜಿನ ಹೊತ್ತಿನಲ್ಲಿ, ಜನ ತುಂಬಿದ್ದಾಗ, ನನ್ನ ಹೆಸರು ಹಿಡಿದು ಕೂಗಿದ.

"ಅವ್ನ ಚಾಕಿ ತಗೋಬ್ಯಾಡ್ರಪ್ಪೋ! ಮನೆ ತುಂಬ ಗಂಟುರೋಗ ತಂದ್ಕೊಂಡಂಗೆ! ಗೊತ್ತಿದ್ದೂ ಮಾರ್ತಾನೆ ಕಣ್ರಯ್ಯಾ, ಗೊತ್ತಿದ್ದೂ!"

ಗಂಟುರೋಗ ಅಂದರೆ ಹುಳ ಸಾಕುವವರ ಎದೆ ಒಡೆಯುವ ಮಾತು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುವ ರೋಗ. ಒಂದು ಮನೆಗೆ ಹೊಕ್ಕರೆ ಹುಳ ಸಾಕುವ ತಟ್ಟೆ, ಗೋಡೆ, ನೆಲ ಎಲ್ಲ ತೊಳೆದು ಸುಟ್ಟು ಮತ್ತೆ ಶುರು ಮಾಡಬೇಕು. ಚಾಕಿಯವನ ಮೇಲೆ ಆ ಮಾತು ಬಂದರೆ ಅವನ ಕಥೆ ಮುಗಿಯಿತು.

ಮಾರನೇ ದಿನ ಹುಳ ಒಯ್ಯಲು ಬರಬೇಕಾಗಿದ್ದವರು ಬರಲಿಲ್ಲ. ಬಂದ ಒಬ್ಬಿಬ್ಬರು ಬಾಗಿಲಲ್ಲೇ ನಿಂತು, ಈ ಸಲ ಸೊಪ್ಪಿಲ್ಲ ಕಣಣ್ಣ, ಮುಂದಿನ ಬೆಳೆಗೆ ನೋಡೋಣ ಎಂದು ನೆಲ ನೋಡುತ್ತಾ ಹೋದರು. ಜ್ವರ ಎದ್ದ ಹುಳ ಯಾರಿಗಾಗಿಯೂ ಕಾಯುವುದಿಲ್ಲ. ಬಾಯಿ ತೆರೆದು ಕೂತಿರುತ್ತದೆ. ನನ್ನ ತೋಟದ ಸೊಪ್ಪು ಸಾಲದೆ, ನಾನೂ ನನ್ನ ಹೆಂಡತಿಯೂ ನೆಂಟರ ತೋಟಗಳಲ್ಲಿ ಕೊಯ್ದು ತಂದು ಹಾಕಿದೆವು. ಅವಳು ಒಂದೇ ಮಾತು ಕೇಳಿದಳು: "ಈ ಸಲ ಹೆಂಗೋ ಸಾಕ್ತೀವಿ. ಮುಂದ್ಕೆ?"

ನನಗೆ ಎದೆಯಲ್ಲಿ ಬೆಂಕಿ. ಮಾನನಷ್ಟ ಕೇಸು ಹಾಕಿ ಆ ಬೋರಣ್ಣನನ್ನು ಕೋರ್ಟಿನಲ್ಲಿ ನಿಲ್ಲಿಸಬೇಕು ಎಂದು ಮೊಪೆಡ್ ಹತ್ತಿ ರಾಮನಗರಕ್ಕೆ ಬಂದೆ. ಯಾರೋ ಲಾಯರಮ್ಮನ ಆಫೀಸು ತೋರಿಸಿದರು.

ಒಳಗೆ ಹೋದರೆ ಒಂದು ಬೆಂಚು, ಒಂದು ಮೇಜು, ಮೊಳೆಗೆ ತೂಗುಹಾಕಿದ ಕರೀ ಕೋಟು. ಕೋಟಿನ ಒಂದು ಗುಂಡಿಯ ಜಾಗದಲ್ಲಿ ಪಿನ್ನು. ಮೇಜಿನ ಮೇಲೆ ಕಾನೂನು ಪುಸ್ತಕ ಇರುವ ಕಡೆ ಅವರೆಕಾಯಿ ರಾಶಿ. ಅವರು ಮಾಗಡಿ ಕಡೆಯವರು, ಸೊಗಡಿನ ಅವರೆ ಬಂತೆಂದರೆ ಬಿಡುವ ಪೈಕಿ ಅಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಒಂದು ತಟ್ಟೆ ನನ್ನ ಕಡೆ ತಳ್ಳಿದರು.

"ಸುಲೀತಾ ಹೇಳಪ್ಪ."

"ಅಮ್ಮ, ನಾನು ಕೇಸ್ ಹಾಕಕ್ಕೆ ಬಂದಿವ್ನಿ."

"ಗೊತ್ತು. ಇಲ್ಲಿಗೆ ಯಾರೂ ಅವರೆಕಾಯಿ ಸುಲಿಯೋಕೆ ಬರಲ್ಲ. ಕೈ ಸುಮ್ಮನಿದ್ರೆ ಬಾಯಿ ಒಂದಕ್ಕೆ ನಾಲ್ಕು ಸೇರಿಸುತ್ತೆ. ಸುಲಿ."

ಅವರ ಪದ್ಧತಿಯೇ ಅದು. ಅವರೆ ಕಾಲ ಮುಗಿದರೆ ಕೊತ್ತಂಬರಿ, ಅದಿಲ್ಲದಿದ್ದರೆ ಅಕ್ಕಿ ಆರಿಸುವುದು. ಬಂದವರ ಕೈಗೆ ಏನಾದರೂ ಕೊಡುತ್ತಿದ್ದರು. ದೊಡ್ಡ ದೊಡ್ಡ ಗೌಡರು ಬಿಳೀ ಪಂಚೆ ಮೇಲೆ ತಟ್ಟೆ ಇಟ್ಟುಕೊಂಡು ಸೊಪ್ಪು ಬಿಡಿಸುವುದನ್ನು ಆಮೇಲೆ ನಾನೇ ಕಂಡಿದ್ದೇನೆ.

ನಾನು ಸುಲಿಯುತ್ತಾ ಎಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆಗೇ ನನ್ನ ಪಿತ್ತ ನೆತ್ತಿಗೇರಿತು.

"ನಿನ್ನ ಹುಳಕ್ಕೆ ಗಂಟುರೋಗ ಇತ್ತಾ?"

"ಏನಮ್ಮ ಹಿಂಗಂತೀರಿ! ನನ್ನ ಹುಳಕ್ಕಾ?"

"ನಿನ್ನ ಹುಳಕ್ಕೇ. ಇದ್ರೆ ಹೇಳಿಬಿಡು, ಇಬ್ರಿಗೂ ಕೆಲಸ ಉಳಿಯುತ್ತೆ. ನಿಜ ಹೇಳಿದವನ ಮೇಲೆ ಮಾನ ಹೋಯ್ತು ಅಂತ ದಾವೆ ಹಾಕಿ ಪರಿಹಾರ ಕೇಳೋಕಾಗಲ್ಲ. ಇಲ್ಲದ ಮಾನ ಹೆಂಗೆ ಹೋಗುತ್ತೆ?"

ತಟ್ಟೆ ಅಲ್ಲೇ ಇಟ್ಟು ಎದ್ದುಬಿಡೋಣ ಅನ್ನಿಸಿತು. ಅವರು ತಲೆ ಎತ್ತಲಿಲ್ಲ. "ಕೂತ್ಕೋ. ಸುಳ್ಳು ಅಂತ ನಿನಗನ್ನಿಸಿದ್ರೆ ಸಾಲದು. ಸುಳ್ಳಾಗಿರಬೇಕು. ನಾಳೆ ರೇಷ್ಮೆ ಇಲಾಖೆಯವರ ಹತ್ರ ಹುಳ ತಗೊಂಡು ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಾ."

ಹೋದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡುತ್ತಿದ್ದವರ ಬೆನ್ನ ಹಿಂದೆ ನಿಂತ ಆ ಹೊತ್ತು ನನಗೇ ಗೊತ್ತು. ನನ್ನ ಹುಳವನ್ನು ನಾನು ನಂಬುತ್ತಿದ್ದೆ. ರೋಗ ಇರಲಿಲ್ಲ. ಆ ಸಂತೋಷ ಹೊತ್ತುಕೊಂಡು ಓಡಿ ಬಂದರೆ ಲಾಯರಮ್ಮ ಅರ್ಧ ನೀರೆರಚಿದರು: "ಇದು ಇವತ್ತಿನ ಹುಳ. ಅವನ ಮನೆಗೆ ಹೋದದ್ದು ಆವತ್ತಿನದು. ಆವತ್ತು ನಿನ್ನ ಹತ್ರ ಇನ್ಯಾರು ಒಯ್ದರು?"

ಚನ್ನಪಟ್ಟಣದ ಅಕ್ಕೂರು ಕಡೆಯ ಒಂದು ಮನೆಯವರು ಅದೇ ದಿನ, ಅದೇ ಮೊಟ್ಟೆಯ ಹುಳ ಒಯ್ದಿದ್ದರು. ಅವರನ್ನು ಹುಡುಕಿಕೊಂಡು ಹೋದೆ. ಗೂಡು ಚೆನ್ನಾಗಿ ಬಂದಿತ್ತು. ಕೋರ್ಟಿಗೆ ಬಂದು ಹೇಳಲೂ ಒಪ್ಪಿದರು. ಆಗ ಲಾಯರಮ್ಮ ಮೊದಲ ಸಲ, "ಹೂಂ, ಈಗ ಮಾತಾಡೋಣ" ಅಂದರು.

ಅಂದು ಅವರು ನನಗೆ ಹೇಳಿದ್ದು ಇವತ್ತಿಗೂ ನೆನಪಿದೆ. ಅವರ ತಟ್ಟೆಯಲ್ಲಿ ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ, ಹುಳುಕು ಬೇರೆ ಇರುತ್ತಿತ್ತು. ಮಾತನ್ನೂ ಹಾಗೇ ಬಿಡಿಸುತ್ತಿದ್ದರು.

"ಅವನು ಕೂಗಿದ್ದು ನಿನ್ನ ಬಗ್ಗೆಯೇ ಅಂತ ಕೇಳಿದೋರಿಗೆ ಗೊತ್ತಾಯ್ತಾ?"

"ಹೆಸರಿಡ್ದು ಕೂಗವ್ನೆ."

"ಬೇರೆಯವರು ಕೇಳಿಸಿಕೊಂಡ್ರಾ?"

"ಮಾರ್ಕೆಟ್ಟೇ ಕೇಳ್ತು."

"ಬರೀ ನಿನ್ನ ಕಿವಿಗೆ ಬೈದಿದ್ರೆ ಅದು ಜಗಳ, ಮಾನಹಾನಿ ಅಲ್ಲ. ಸರಿ. ಕೇಳಿದೋರು ನಂಬಿದ್ರಾ? ನಿನ್ನನ್ನ ನೋಡೋ ರೀತಿ ಬದಲಾಯ್ತಾ?"

ಬಾಗಿಲಲ್ಲಿ ನಿಂತು ನೆಲ ನೋಡಿದವರ ಕಥೆ ಹೇಳಿದೆ. ಅವರು ತಲೆದೂಗಿದರು. "ಅದೇ ಮುಖ್ಯ. ನಿನ್ನ ಹೊಟ್ಟೆ ಉರಿದದ್ದಕ್ಕೆ ಕಾನೂನು ಔಷಧಿ ಕೊಡಲ್ಲ. ಬೇರೆಯವರ ಕಣ್ಣಲ್ಲಿ ನೀನು ಸಣ್ಣವನಾದ್ಯಲ್ಲ, ಅದಕ್ಕೆ ಕೊಡುತ್ತೆ."

ಈ ನಂಬುವ ವಿಷಯಕ್ಕೆ ಅವರದೊಂದು ಹಳೇ ಕಥೆ ಇತ್ತು. ಕನಕಪುರದ ಕಡೆಯಿಂದ ಕಲ್ಲು ಕ್ವಾರಿ ಮೇಸ್ತ್ರಿ ಒಬ್ಬ ಬಂದಿದ್ದನಂತೆ. ಜನರ ಮುಂದೆ ತನ್ನನ್ನು ಕತ್ತೆ ಅಂದರು, ಕೇಸು ಹಾಕಿ ಎಂದು ಪಟ್ಟು. ಇವರು ಕೇಳಿದರಂತೆ: "ನೀನು ಕತ್ತೆ ಅಂತ ಅಲ್ಲಿದ್ದೋರು ಯಾರಾದ್ರೂ ನಂಬಿದ್ರೇನಪ್ಪಾ?" ಅವನು ಯೋಚನೆ ಮಾಡಿ, "ಇಲ್ಲ ಕಣಮ್ಮ" ಅಂದನಂತೆ. "ಹಂಗಾದ್ರೆ ಮಾನ ಎಲ್ಲೂ ಹೋಗಿಲ್ಲ, ನಿನ್ನ ಹತ್ರಾನೇ ಇದೆ. ಹೋಗಿ ಊಟ ಮಾಡು." ಈ ಕಥೆ ಹೇಳುವಾಗೆಲ್ಲ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಅದು ಅವರ ನಗು.

ಆದರೆ ಎಲ್ಲರನ್ನೂ ಹಾಗೆ ಊಟಕ್ಕೆ ಕಳಿಸುತ್ತಿರಲಿಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳ ಮೇಲೆ ಯಾರೋ ಆಡಿದ ಮಾತಿಗೆ ಗೊತ್ತಾಗಿದ್ದ ಸಂಬಂಧ ಮುರಿದಿತ್ತು. ಅವಳ ಜೊತೆ ಅವರು ಎರಡು ದಿನ ಕೂತು ಮಾತಾಡಿದ್ದನ್ನು ಕಂಡಿದ್ದೇನೆ. "ಕೇಸು ಹಾಕಿದ್ರೆ ಗೆಲ್ತೀವಮ್ಮ. ಆದರೆ ಆ ಮಾತನ್ನ ನಾವೇ ಕೋರ್ಟಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತೆ. ನಿನಗೆ ಅಷ್ಟು ಗಟ್ಟಿತನ ಇದೆಯಾ, ಯೋಚನೆ ಮಾಡು. ಇದೆ ಅಂದ್ರೆ ನಾನು ನಿನ್ನ ಪಕ್ಕ ನಿಂತಿರ್ತೀನಿ" ಅಂದಿದ್ದರು. ಅವಳು ಇದೆ ಅಂದಳು. ಇವರು ನಿಂತರು. ಗೆದ್ದರು. ಆ ಕೇಸಿನ ಬಗ್ಗೆ ಅದಕ್ಕಿಂತ ಹೆಚ್ಚು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.

ಮತ್ತೆ ನನ್ನ ಕಥೆಗೆ ಬರುತ್ತೇನೆ. ನೋಟಿಸು ಕಳಿಸಿಬಿಡಿ ಅಮ್ಮ ಅಂದೆ. "ಕಳಿಸೋಣ. ವರ್ಷದೊಳಗೆ ದಾವೆ ಹಾಕಿದ್ರೆ ಸಾಕು, ಹೊತ್ತಿದೆ. ಮೊದಲು ಅವನ ಮುಖ ನೋಡೋಣ ನಡಿ" ಅಂದರು. ನನ್ನ ಮೊಪೆಡ್ಡಿನ ಹಿಂದೆ ಒಂದು ಪಕ್ಕಕ್ಕೆ ಕೂತು, ಕೊಡೆಯನ್ನು ಕತ್ತಿಯ ಹಾಗೆ ಹಿಡಿದು ಬಂದರು. ದಾರಿಯುದ್ದಕ್ಕೂ ಹೊಸ ಕಾಂಪೌಂಡುಗಳು, ಲಾರಿ ಧೂಳು, ಹಿಪ್ಪುನೇರಳೆ ತೋಟದ ಬದುವಿಗೆ ತಾಗಿಕೊಂಡು ಬಾಡಿಗೆ ರೂಮುಗಳ ಸಾಲು. ಕಾರ್ಖಾನೆಗೆ ಬಂದ ಹುಡುಗರಿಗೆ ಸುತ್ತಲ ಊರುಗಳಲ್ಲಿ ದನದ ಕೊಟ್ಟಿಗೆಯೂ ರೂಮಾಗುತ್ತಿದ್ದ ಕಾಲ ಅದು.

ಬೋರಣ್ಣ ಜಗುಲಿಯಲ್ಲೇ ಇದ್ದ. ನನ್ನನ್ನು ನೋಡಿ ಎದ್ದು ನಿಂತ.

"ಏನ್ಲಾ, ಲಾಯರ್‌ನ ಕರ್ಕೊಂಡು ಬಂದ್ಬುಟ್ಟಾ? ಜೈಲಿಗೆ ಹಾಕುಸ್ತೀಯಾ? ಹಾಕ್ಸು! ನನ್ ಹುಳ ಸತ್ತಿದ್ದು ಸುಳ್ಳೇನ್ಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಲಾಯರಮ್ಮ ಜಗುಲಿ ಮೇಲೆ ಕೂತಾಗಿತ್ತು. "ಸುಳ್ಳಲ್ಲ ಕಣಪ್ಪ, ಅದಕ್ಕೇ ಬಂದೆ. ಒಂದು ಲೋಟ ನೀರು ಕೊಡು."

ನೀರು ಕುಡಿದು ಹೇಳಿದರು: "ನೀನು ಮಾರ್ಕೆಟ್ಟಲ್ಲಿ ಎರಡು ಮಾತಾಡಿದೀಯ. ನಿನ್ನ ಹುಳ ಸತ್ತವು ಅನ್ನೋದು ಒಂದು. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳು. ನಂದು ಹಿಂಗಾಯ್ತು, ನೀವು ಹುಷಾರು ಅಂತ ನಾಲ್ಕು ಜನ ರೈತರಿಗೆ ಹೇಳಿದ್ರೂ ಯಾರೂ ನಿನ್ನ ಏನೂ ಮಾಡೋಕಾಗಲ್ಲ. ಇವನು ಗೊತ್ತಿದ್ದೂ ರೋಗದ ಹುಳ ಮಾರಿದ ಅಂದ್ಯಲ್ಲ, ಅದು ಇನ್ನೊಂದು. ಅದು ನಿನಗೆ ಹೆಂಗೆ ಗೊತ್ತಾಯ್ತು?"

"ಮತ್ತೆ ಹುಳ ಸತ್ವಲ್ಲಮ್ಮ!"

"ಅದು ಮೊದಲನೇ ಮಾತು."

ಆಗ ಬಾಗಿಲ ಸಂದಿಯಿಂದ ಅವನ ಹೆಂಡತಿ ಈಚೆ ಬಂದಳು. ಕಣ್ಣು ಊದಿಕೊಂಡಿತ್ತು.

"ಅವ್ವಾ, ಒಳಗ್ ಬಂದು ನೋಡಿ ಒಸಿ. ಈಗಿರೋವು ಇವ್ರ ಹುಳ ಅಲ್ಲ. ಬೇರೆ ಕಡೆಯಿಂದ ತಂದಿದ್ದು. ಇವೂ ಸಾಯ್ತಾ ಅವೆ."

"ಏಯ್! ಹೊರಗಿನೋರ್ನ ಹುಳದ ಮನೆಗೆ ಬುಡ್ತೀಯಾ? ಅದೂ ಇವುನ್ನ?"

"ಇನ್ನೇನ್ ಉಳ್ದದೆ ಅಂತ ಕಾಯ್ತೀಯಾ? ಬುಡು ಅತ್ಲಾಗೆ!"

ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಒಡಹುಟ್ಟಿದವರಾದರೂ ಬಾಗಿಲಿನ ಸುಣ್ಣದ ಗೆರೆಯಿಂದ ಆಚೆಯೇ. ಕಾಲಿನ ಧೂಳಿನಲ್ಲಿ ರೋಗ ಬರುತ್ತದೆ, ಕಣ್ಣಿನಲ್ಲಿ ದೃಷ್ಟಿ ಬರುತ್ತದೆ ಅನ್ನುವ ಭಯ. ಒಬ್ಬರ ಹುಳ ಹೇಗೆ ಸತ್ತಿತು ಅಂತ ಇನ್ನೊಬ್ಬರಿಗೆ ಗೊತ್ತಾಗದೇ ಇರುವುದೂ ಇದರಿಂದಲೇ. ಆ ಹೆಂಗಸು ಆ ದಿನ ಗೆರೆ ದಾಟಿಸದಿದ್ದರೆ ನಾನೂ ಬೋರಣ್ಣನೂ ಇವತ್ತಿಗೂ ಕಟಕಟೆಯಲ್ಲೇ ಇರುತ್ತಿದ್ದೆವು.

ಕಾಲು ತೊಳೆದು ಸುಣ್ಣ ತುಳಿದು ಒಳಗೆ ಹೋದೆವು. ತಟ್ಟೆ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಗಂಟುರೋಗ ಅಲ್ಲ. ಆ ರೋಗದ ಹುಳ ಒಂದು ದಪ್ಪ ಒಂದು ಸಣ್ಣ ಬೆಳೆದು, ಮೈಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗಿರುತ್ತದೆ. ಇವು ತಲೆ ಎತ್ತಿ ಹೊರಳಾಡುತ್ತಾ, ಬಾಯಲ್ಲಿ ಹಸಿರು ನೀರು ಕಾರುತ್ತಿದ್ದವು.

"ಇದು ವಿಷ" ಅಂದೆ. "ಸೊಪ್ಪಿಗೆ ಔಷಧಿ ಹೊಡುದ್ರಾ?"

"ಇಲ್ಲ ಕಣಣ್ಣ" ಅಂದಳು ಬೋರಣ್ಣನ ಹೆಂಡತಿ.

"ಪಕ್ಕದಲ್ಲಿ ಯಾರಾದ್ರೂ ಹೊಗೆಸೊಪ್ಪು ಹಾಕವ್ರಾ?"

"ಇಲ್ಲ."

"ಸೊಳ್ಳೆಬತ್ತಿ?"

"ಅಯ್ಯೋ, ನಮ್ಮನೇಲಿ ಹಚ್ಚಾಕಿಲ್ಲ ಕಣಣ್ಣ. ಸತ್ಯವಾಗ್ಲೂ."

ನನಗೆ ಮುಂದೆ ಕೇಳಲು ಏನೂ ತೋಚಲಿಲ್ಲ. ಲಾಯರಮ್ಮ ಅಷ್ಟು ಹೊತ್ತೂ ಹುಳ ನೋಡಿರಲಿಲ್ಲ, ಗೋಡೆ ನೋಡುತ್ತಿದ್ದರು.

"ನಿಮ್ಮನೆ ಎಲ್ಲಿಗೆ ಮುಗಿಯುತ್ತಮ್ಮ?" ಎಂದು ಕೇಳಿದರು.

ಹುಳದ ಮನೆಯ ನಡುವೆ ಹೊಸ ಇಟ್ಟಿಗೆ ಗೋಡೆ ಎದ್ದಿತ್ತು. ಆಳೆತ್ತರಕ್ಕೆ ಮಾತ್ರ. ಮೇಲೆ ಹೆಂಚಿನ ತನಕ ಖಾಲಿ. ಆಚೆಯಿಂದ ಗೊರಕೆ ಕೇಳಿಸುತ್ತಿತ್ತು.

"ಅದು ಬಾಡಿಗೆ ಹುಡುಗ್ರದು ಕಣವ್ವ. ನೈಟ್ ಶಿಫ್ಟು. ಹಗಲೊತ್ತು ಮಲಗ್ತವೆ."

ಲಾಯರಮ್ಮ ಕೊಡೆಯ ತುದಿಯಿಂದ ಗೋಡೆಯ ಮೇಲಿನ ಸಂದು ತೋರಿಸಿದರು. ಹೆಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲುಕೋಲಿನಲ್ಲಿ ತೆಳ್ಳಗೆ ಹೊಗೆ ಆಡುತ್ತಿತ್ತು. ಆಚೆ ಹೋಗಿ ನೋಡಿದರೆ ಮಂಚದ ಕೆಳಗೆ ಹಸಿರು ಸೊಳ್ಳೆಬತ್ತಿ, ಹಾಡಹಗಲಲ್ಲಿ, ಸುರುಳಿ ಸುರುಳಿಯಾಗಿ ಬೂದಿ ಉದುರಿಸುತ್ತಾ ಉರಿಯುತ್ತಿತ್ತು. ಪಾಪ, ಆ ಹುಡುಗರಿಗೆ ಗೋಡೆಯಾಚೆ ಏನು ಸಾಕುತ್ತಾರೆ ಅನ್ನುವುದೂ ಸರಿಯಾಗಿ ಗೊತ್ತಿರಲಿಲ್ಲ. ಮನುಷ್ಯನನ್ನು ಕೊಲ್ಲದ ಆ ಹೊಗೆ ರೇಷ್ಮೆ ಹುಳಕ್ಕೆ ಸಾವು.

ಬೋರಣ್ಣ ಹೊಸಿಲ ಮೇಲೆ ಕುಸಿದು ಕೂತ. "ಬಾಡಿಗೆ ಬತ್ತದೆ ಅಂತ ನಾನೇ ಗೋಡೆ ಎಬ್ಬುಸ್ದೆ ಕಣೇ" ಎಂದು ಹೆಂಡತಿಗೆ ಹೇಳಿದ.

ನನ್ನ ಬಾಯಿಗೆ ಬಂದಿದ್ದ ಮಾತು ಬಹಳ ಇತ್ತು. ಕಂಡ್ಯಾ ಬಡ್ಡೀಮಗನೇ ಅನ್ನುವುದರಿಂದ ಶುರುವಾಗುತ್ತಿತ್ತು. ಅಷ್ಟರಲ್ಲಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಏನೋ ಒತ್ತಿತು. ಲಾಯರಮ್ಮನ ಕೊಡೆ. ಅವರು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಆದರೆ ನಾನು ಬಾಯಿ ಮುಚ್ಚುವ ತನಕ ಕೊಡೆ ಎತ್ತಲಿಲ್ಲ.

ವಾಪಸ್ಸು ಬರುವಾಗ ಒಂದು ಟೀ ಅಂಗಡಿಯಲ್ಲಿ ನಿಲ್ಲಿಸಲು ಹೇಳಿದರು. "ಈಗ ನಿನ್ನ ಕೇಸು ಕಲ್ಲಿನಂಗಿದೆ. ಮಾತು ಸುಳ್ಳು, ಹೆಸರು ಹಿಡಿದು ಹೇಳಿದಾನೆ, ಊರೇ ಕೇಳಿದೆ, ನಿನ್ನ ಕಸುಬಿಗೆ ಪೆಟ್ಟು ಬಿದ್ದಿದೆ. ಗೊತ್ತಿದ್ದೂ ಅಂದದ್ದಕ್ಕೆ ಅವನ ಹತ್ರ ಎಳ್ಳಷ್ಟೂ ಆಧಾರ ಇಲ್ಲ. ಹಾಕು ಅಂದ್ರೆ ನಾಳೆನೇ ಹಾಕ್ತೀನಿ. ಆದರೆ ನೀನು ಏನು ಗೆಲ್ಲಬೇಕು ಅಂತಿದೀಯ, ಅದನ್ನ ಹೇಳು."

"ನನ್ನ ಹೆಸ್ರು ಅಮ್ಮ. ಇನ್ನೇನ್ ಬೇಕು ನಂಗೆ."

"ಅದು ಈಗ ಎಲ್ಲಿದೆ?"

ಯೋಚಿಸಿದೆ. "ಮಾರ್ಕೆಟ್ನಾಗೆ."

"ಹಂಗಾದ್ರೆ ಮೊದಲು ಅಲ್ಲಿಂದ ತರೋಣ. ಕೋರ್ಟಿನಿಂದ ತರೋ ಹೊತ್ತಿಗೆ ನಿನ್ನ ತಟ್ಟೆಗಳೆಲ್ಲ ಒಣಗಿಹೋಗಿರ್ತವೆ. ಅವನು ಒಪ್ಪದೇ ಇದ್ರೆ, ಇಲ್ಲಾ ನಿಜ ಗೊತ್ತಾದ ಮೇಲೂ ಅದೇ ಮಾತು ಮತ್ತೆ ಆಡಿದ್ರೆ, ಆಗ ನಾನು ಬಿಡಲ್ಲ. ನೀನು ಬಿಡು ಅಂದ್ರೂ ಬಿಡಲ್ಲ."

ಅವನನ್ನು ಕಟಕಟೆಯಲ್ಲಿ ನೋಡುವ ಆಸೆ ನನಗೆ ಸಣ್ಣದಿರಲಿಲ್ಲ. ಕೊನೆಗೆ ಅವಳ ಮಾತು, ನನ್ನ ಹೆಂಡತಿಯದು, ನೆನಪಾಯಿತು. ಮುಂದ್ಕೆ? ಹೂಂ ಅಂದೆ.

ನೋಟಿಸು ಹೋಯಿತು. ಅದರಲ್ಲಿ ಅವರು ಹಾಕಿದ ಷರತ್ತು ಇಷ್ಟೇ: ಎಲ್ಲಿ ಕೂಗಿದೆಯೋ ಅಲ್ಲೇ, ಅದೇ ಹರಾಜಿನ ಹೊತ್ತಿನಲ್ಲಿ, ಅಷ್ಟೇ ಗಟ್ಟಿಯಾಗಿ ತಿದ್ದಿ ಹೇಳಬೇಕು. ಮನೆಗೆ ಬಂದು ಕಿವಿಯಲ್ಲಿ ಕ್ಷಮೆ ಕೇಳಿದರೆ ಆಗುವುದಿಲ್ಲ.

ಬೋರಣ್ಣ ಬಂದ. ಲಾಯರಮ್ಮ ಪಿನ್ನು ಹಾಕಿದ ಕರೀ ಕೋಟಿನಲ್ಲೇ ಮಾರ್ಕೆಟ್ಟಿನ ಕಂಬಕ್ಕೆ ಒರಗಿ ನಿಂತಿದ್ದರು. ಅವನು ಶುರು ಮಾಡಿದ್ದು ಯಾರಿಗೂ ಕೇಳಿಸಲಿಲ್ಲ.

"ಏನ್ ಬೋರಣ್ಣ, ಆವತ್ತು ಕಿವಿ ಕಿತ್ತೋಗಂಗೆ ಕಿರುಚ್ದೆ, ಇವತ್ತು ಗಂಟ್ಲಿಗೇನಾಯ್ತು?" ಎಂದು ಯಾರೋ ರೇಗಿಸಿದರು.

ಅವನು ಒಮ್ಮೆ ನನ್ನ ಕಡೆ ನೋಡಿ, ಟವಲಿನಲ್ಲಿ ಮುಖ ಒರೆಸಿಕೊಂಡು, ಗಂಟಲು ಹರಿಯುವ ಹಾಗೆ ಕೂಗಿದ: "ನನ್ ಹುಳ ಸತ್ತಿದ್ದು ದಿಟ! ಸಾಯ್ಸಿದ್ದು ಸೊಳ್ಳೆಬತ್ತಿ! ನಾನೇ ಅರ್ಧ ಗೋಡೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೆ, ಆ ಹೊಗೆ ಹುಳಕ್ಕೆ ಹೊಡೀತು! ಇವ್ರ ಚಾಕಿಲಿ ರೋಗ ಇರ್ಲಿಲ್ಲ! ಗೊತ್ತಿದ್ದೂ ಮಾರ್ದ ಅಂದಿದ್ದು ನನ್ ತಪ್ಪು, ನನ್ ತಪ್ಪು, ನನ್ ತಪ್ಪು!"

ಆಮೇಲೆ ನಾನು ಎಣಿಸದೇ ಇದ್ದದ್ದು ನಡೆಯಿತು. ಯಾರೂ ನಗಲಿಲ್ಲ. ಜನ ಬೋರಣ್ಣನನ್ನು ಮುತ್ತಿಕೊಂಡರು. "ಸೊಳ್ಳೆಬತ್ತಿನಾ? ಹೆಂಗೆ, ಹೆಂಗೆ?" "ಲೇ, ನಮ್ಮನೇಲೂ ಮಗ್ಗಲು ರೂಮು ಬಾಡಿಗೆಗೆ ಕೊಟ್ಟಿವ್ನಿ ಕಣ್ಲಾ! ಹೋದ ಬೆಳೆ ಅದಕ್ಕೇ ಹೋಯ್ತಾ?" "ಏ, ನನ್ನ ಭಾಮೈದಂಗೆ ಫೋನ್ ಮಾಡ್ಬೇಕು ಬುಡ್ರಪ್ಪ ದಾರಿ!" ಕೆಟ್ಟ ಮಾತು ನಾಲ್ಕು ಊರು ಸುತ್ತಿತ್ತು. ತಿದ್ದಿದ ಮಾತು ಚನ್ನಪಟ್ಟಣ, ಕನಕಪುರ, ಮಾಗಡಿ ತನಕ ಹೋಯಿತು, ಏಕೆಂದರೆ ಅದರಲ್ಲಿ ಎಲ್ಲರ ಹುಳದ ಜೀವ ಇತ್ತು. ಆ ವರ್ಷ ಎಷ್ಟೋ ಊರುಗಳಲ್ಲಿ ಅರ್ಧ ಗೋಡೆಗಳು ಹೆಂಚಿನ ತನಕ ಎದ್ದವು. ಹೇಳುವಾಗ ಎಲ್ಲರೂ ನನ್ನ ಹೆಸರು ಸೇರಿಸಿಯೇ ಹೇಳುತ್ತಿದ್ದರು: ಅವರ ಚಾಕಿಗೆ ಏನೂ ಆಗಿರಲಿಲ್ಲವಂತೆ.

ಮುಂದಿನ ಬೆಳೆಗೆ ನನ್ನ ಬಾಗಿಲಿಗೆ ಮೊದಲು ಬಂದವನು ಬೋರಣ್ಣನೇ. "ಕೊಡ್ಲಾ ಹುಳ. ಆ ಹುಡುಗ್ರಿಗೆ ಸೊಳ್ಳೆಪರದೆ ತಂದ್ಕೊಟ್ಟಿವ್ನಿ" ಅಂದ. ಕೊಟ್ಟೆ. ಮುಖ ಗಂಟು ಹಾಕಿಕೊಂಡೇ ಕೊಟ್ಟೆ, ಅಷ್ಟು ಬೇಗ ನಗುವವನಲ್ಲ ನಾನು.

ಆಮೇಲೆ ಲಾಯರಮ್ಮನ ಆಫೀಸಿಗೆ ನಾನು ಕೇಸಿಲ್ಲದೆಯೂ ಹೋಗುತ್ತಿದ್ದೆ. ಅವರು ನನ್ನನ್ನು ಹೆಸರಿನಿಂದ ಕರೆದದ್ದಿಲ್ಲ, "ಬಾರಪ್ಪ ಚಾಕಿ" ಅನ್ನುತ್ತಿದ್ದರು. ಆದರೆ ನನ್ನ ಹುಳದ ಮನೆ ತೋರಿಸು ಎಂದು ಅವರು ಕೇಳಲಿಲ್ಲ, 'ಬನ್ನಿ' ಎಂದು ನಾನೂ ಕರೆಯಲಿಲ್ಲ. ಸುಣ್ಣದ ಗೆರೆಯ ನಿಯಮ ಇಬ್ಬರಿಗೂ ಗೊತ್ತಿತ್ತು.

ಬೋರ್ಡು ಇಳಿಸಿದ ದಿನ, ಏಣಿಯಿಂದ ಇಳಿದ ಮೇಲೆ, ಅವರ ಷರತ್ತು ಕೇಳಿದೆ.

"ನಿನ್ನ ಹುಳಕ್ಕೆ ರೋಗ ಇಲ್ಲ ಅಂತ ನೋಟಿಸಲ್ಲಿ ಬರೆದು ಸಹಿ ಹಾಕಿದೋಳು ನಾನು. ಆದರೆ ನಿನ್ನ ಹುಳ ನಾನು ಕಣ್ಣಾರೆ ನೋಡಿಲ್ಲ. ಇವರು ಹೇಳಿದ್ರು, ಅವರು ಹೇಳಿದ್ರು, ಅಷ್ಟೇ. ಒಂದ್ಸಲ ತೋರಿಸು. ಆಮೇಲೆ ಏನು ಬೇಕಾದ್ರೂ ಬರಿ."

ಕರೆದುಕೊಂಡು ಬಂದೆ. ನನ್ನ ಹೆಂಡತಿ ತಾನೇ ನೀರು ತಂದು ಅವರ ಕಾಲು ತೊಳೆಸಿದಳು. ಸುಣ್ಣ ತುಳಿದು, ಸೆರಗು ಬಿಗಿದುಕೊಂಡು ಅವರು ಒಳಗೆ ಬಂದರು. ನಾನು ತಟ್ಟೆಯ ಮೇಲಿನ ಮೇಣದ ಕಾಗದ ಎತ್ತಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಅಲ್ಲಾಡ್ತಾನೇ ಇಲ್ಲವಲ್ಲೋ. ಸೊಪ್ಪೂ ಮುಟ್ಟಿಲ್ಲ. ಸತ್ತಂಗಿದಾವೆ."

"ಜ್ವರಕ್ಕೆ ಕೂತವೆ ಅಮ್ಮ. ಎರಡನೇದು. ಕಂಡೋರೆಲ್ಲ ಹಂಗೇ ಅಂತಾರೆ. ನಾಳೆ ಸಾಯಂಕಾಲಕ್ಕೆ ಎದ್ದೇಳ್ತವೆ."

"ಹಂಗಂತ ನೀನು ಹೇಳ್ತೀಯ."

"ಹೂಂ, ನಾನ್ ಹೇಳ್ತೀನಿ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಾಳೆ ಸಾಯಂಕಾಲ ಮತ್ತೆ ಬರ್ತೀನಿ ಬಿಡು. ಈಗ ನನಗೇನು, ಹೊತ್ತೇ ಹೊತ್ತು."

ಬಂದರು. ಬಸ್ಸಿಳಿದು ನಡೆದುಕೊಂಡೇ ಬಂದರು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೀಸನ್ನಿನ ಕೊನೇ ಅವರೆಕಾಯಿ ಚೀಲ. ಹುಳ ಪೊರೆ ಬಿಟ್ಟು ಎದ್ದಿದ್ದವು. ಹೆಚ್ಚಿದ ಸೊಪ್ಪು ಉದುರಿಸಿದೆ. ಒಂದೊಂದಾಗಿ ತಲೆ ಆಡಿಸುತ್ತಾ ಎಲೆಯ ಅಂಚಿಗೆ ಬಂದವು. ಅವರು ಆ ತಟ್ಟೆ ನೋಡಿ, ಅದರ ಕೆಳಗಿನದನ್ನೂ ಎಳೆಸಿ ನೋಡಿ, ಅದರ ಕೆಳಗಿನದನ್ನೂ ನೋಡಿದರು.

ಈಚೆ ಬಂದು ಜಗುಲಿಯ ಮೇಲೆ ಕೂತು, ಚೀಲ ಸುರಿದು, ಒಂದು ತಟ್ಟೆ ನನ್ನ ಕಡೆ ತಳ್ಳಿದರು.

"ಸರಿ. ಈಗ ಬರಿ" ಅಂದರು. "ಮೊದಲು ಇದು ಸುಲಿ."

ಸುಲಿದೆ. ಆಮೇಲೆ ಕೂತು ಇಷ್ಟು ಬರೆದೆ. ಒಳ್ಳೆಯವರು ಎಂದು ಎಲ್ಲಿಯೂ ಬರೆದಿಲ್ಲ.